ಫ್ರೀ ಆನ್‌ಲೈನ್ ಟೂಲ್‌ಗಳು: ತರಗತಿಯಲ್ಲಿ ಎರಡನೇ ಸಲ ಬಳಸಿದ್ದು ಯಾವುದು?

ಕೊನೆಬೆಂಚು
ಎಲ್ಲರಿಗೂ ನಮಸ್ಕಾರ. ಧಾರವಾಡ ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಈ ವರ್ಷ ಹಳೆ ವಿದ್ಯಾರ್ಥಿಗಳು ಸೇರಿ ಒಂದು ದೊಡ್ಡ ಟಿವಿ ಕೊಡಿಸಿದ್ದಾರೆ. ಲ್ಯಾಪ್‌ಟಾಪ್ ನನ್ನದೇ. ನೆಟ್ ಅಂದ್ರೆ ನನ್ನ ಫೋನಿನ ಹಾಟ್‌ಸ್ಪಾಟ್, ಅದೂ ಕಿಟಕಿ ಮೇಲೆ ಇಟ್ಟರೆ ಮಾತ್ರ.

ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ಪಟ್ಟಿ ಬರುತ್ತದೆ. 'ಶಿಕ್ಷಕರಿಗೆ 50 ಉಚಿತ ಟೂಲ್‌ಗಳು' ಅಂತ. ದಸರಾ ರಜೆಯಲ್ಲಿ ಕೂತು ಒಂದೊಂದೇ ತೆರೆದು ನೋಡಿದೆ. ಅರ್ಧಕ್ಕರ್ಧ ಟೂಲ್‌ಗಳಿಗೆ ಪ್ರತಿ ಮಗುವಿನ ಕೈಯಲ್ಲೂ ಒಂದು ಫೋನು, ಒಂದು ಇಮೇಲ್ ಬೇಕು. ನನ್ನ 9ನೇ ತರಗತಿಯ 41 ಮಕ್ಕಳಲ್ಲಿ ಇಮೇಲ್ ಇರುವವರು ಸೊನ್ನೆ.

ಅದಕ್ಕೆ ಬೇರೆ ತರಹ ಕೇಳುತ್ತೇನೆ. ಯಾವುದು ಚೆನ್ನಾಗಿದೆ ಅಂತ ಹೇಳಬೇಡಿ. ಒಮ್ಮೆ ಬಳಸಿದ ಮೇಲೆ, ಯಾರೂ ಹೇಳದೆ ನೀವಾಗೇ ಮತ್ತೆ ತೆರೆದದ್ದು ಯಾವುದು? ಮೊದಲ ಸಲ ಎಲ್ಲವೂ ಚಂದವೇ. ನಮ್ಮ ಮಕ್ಕಳು ಟಿವಿಯ ಕೆಂಪು ದೀಪ ಹತ್ತಿದರೂ ಚಪ್ಪಾಳೆ ಹೊಡೆಯುತ್ತಾರೆ.

ತಾಮ್ರದತಂತಿ
ವಿಜ್ಞಾನಕ್ಕೆ ಫೆಟ್. ಪರದೆಯ ಮೇಲೆ ನಾವೇ ಆಡಿಸಿ ನೋಡುವ ಪ್ರಯೋಗಗಳ (ಸಿಮ್ಯುಲೇಷನ್, ಚಿಕ್ಕದಾಗಿ ಸಿಮ್) ತಾಣ. ಎರಡನೇ ಸಲ ಅಲ್ಲ, ಐದನೇ ವರ್ಷ ನಡೆಯುತ್ತಿದೆ. ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದವರು ಮಾಡಿದ್ದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದರು. ದುಡ್ಡಿಲ್ಲ, ಲಾಗಿನ್ ಇಲ್ಲ, ಜಾಹೀರಾತಿಲ್ಲ.

ನಿಮ್ಮ ನೆಟ್ ಕಥೆಗೆ ಮುಖ್ಯವಾದದ್ದು ಇದು: ಸಿಮ್ಯುಲೇಷನ್‌ನ ಪುಟದಲ್ಲೇ ಡೌನ್‌ಲೋಡ್ ಗುಂಡಿ ಇದೆ. ಒತ್ತಿದರೆ ಒಂದೇ ಒಂದು ಫೈಲ್ ಬರುತ್ತದೆ. ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ನೆಟ್ ಇಲ್ಲದೆಯೇ ಕ್ರೋಮ್‌ನಲ್ಲಿ ತೆರೆಯುತ್ತದೆ. ಹಲವು ಸಿಮ್‌ಗಳು ಕನ್ನಡದಲ್ಲೂ ಇವೆ. ಎಲ್ಲವೂ ಇಲ್ಲ. ಕನ್ನಡದ ಪಟ್ಟಿ ತೆಗೆದು ಅಲ್ಲಿಂದಲೇ ಇಳಿಸಿಕೊಳ್ಳಿ, ಇಲ್ಲಾಂದ್ರೆ ಇಂಗ್ಲಿಷ್ ಫೈಲ್ ಬಂದು ಕೂರುತ್ತದೆ.

ವಿದ್ಯುತ್ ಮಂಡಲದ್ದು ಇದೆಯಲ್ಲ, ಅದರಲ್ಲಿ ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ಜೋಡಿಸಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ನಾನು ಮೊದಲೇ ಹೇಳುವುದಿಲ್ಲ. 'ಬಲ್ಬ್ ಇಲ್ಲದೆ ಜೋಡಿಸಿ ನೋಡಿ' ಅಂತ ಒಬ್ಬನನ್ನು ಕರೆದು ಮೌಸ್ ಕೊಡುತ್ತೇನೆ. ಬೆಂಕಿ ಬಂದ ಕೂಡಲೇ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ. ಶಾರ್ಟ್ ಸರ್ಕಿಟ್ ಅನ್ನುವ ಪದವನ್ನು ಆಮೇಲೆ ಬೋರ್ಡಿನ ಮೇಲೆ ಬರೆಯುತ್ತೇನೆ.

ಚಾಕ್‌ಪೀಸ್
ಬೇಜಾರು ಮಾಡ್ಕೋಬೇಡಿ. ಒಂದು ಸೆಲ್, ಒಂದು ಟಾರ್ಚ್ ಬಲ್ಬ್, ಒಂದಿಷ್ಟು ತಂತಿ. ಅಂಗಡಿಯಲ್ಲಿ ಐವತ್ತು ರೂಪಾಯಿ ಒಳಗೆ ಸಿಗುತ್ತದೆ. ಮಗು ಕೈಯಾರೆ ಬಲ್ಬ್ ಹೊತ್ತಿಸುವುದನ್ನು ಬಿಟ್ಟು ಟಿವಿಯಲ್ಲಿ ಬಲ್ಬ್ ಹೊತ್ತಿಸುವುದೇಕೆ? 26 ವರ್ಷ ಪಾಠ ಮಾಡಿದ್ದೇನೆ. ಟೇಪ್ ರೆಕಾರ್ಡರ್ ಬಂತು, ಸಿಡಿ ಬಂತು, ಈಗ ಇದು. ಸಿಡಿಗಳು ಇನ್ನೂ ನಮ್ಮ ಬೀರುವಿನಲ್ಲಿವೆ. ಒಂದೂ ಓಡುವುದಿಲ್ಲ.

ತಾಮ್ರದತಂತಿ
ಸರ್, ನಿಮ್ಮ ಮಾತು ಮುಕ್ಕಾಲು ಪಾಲು ಒಪ್ಪುತ್ತೇನೆ. ನನ್ನ ಕ್ರಮ: ಮೊದಲು ನಿಜವಾದ ಬಲ್ಬ್, ಎರಡನೇ ದಿನ ಸಿಮ್. ನಿಜವಾದ ತಂತಿಯೊಳಗೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಸಿಮ್‌ನಲ್ಲಿ ಎಲೆಕ್ಟ್ರಾನ್‌ಗಳು ಓಡಾಡುವುದು ಕಾಣುತ್ತದೆ. ಸರಣಿಯಲ್ಲಿ ಎರಡು ಬಲ್ಬ್ ಹಾಕಿದರೆ ಮೊದಲ ಬಲ್ಬ್ ಕರೆಂಟನ್ನು 'ತಿಂದುಬಿಟ್ಟು' ಎರಡನೆಯದಕ್ಕೆ ಕಡಿಮೆ ಕೊಡುತ್ತದೆ ಅಂತಲೇ ನಮ್ಮ ಮಕ್ಕಳು ತಿಳಿದಿರುತ್ತಾರೆ. ಹತ್ತನೇ ತರಗತಿಯವರೂ ಕೂಡ. ಎರಡು ಕಡೆಯೂ ಅಮ್ಮೀಟರ್ ಇಟ್ಟು ಒಂದೇ ಸಂಖ್ಯೆ ಬಂದಾಗ ಆ ನಂಬಿಕೆ ಅಲ್ಲಾಡುತ್ತದೆ. ನಮ್ಮ ಲ್ಯಾಬಿನಲ್ಲಿ ಕೆಲಸ ಮಾಡುವ ಅಮ್ಮೀಟರ್ ಒಂದೇ ಇದೆ, ಅದರ ಮುಳ್ಳೂ ಸೊಟ್ಟ.

ಸಿಡಿ ಓಡದಿರುವುದಕ್ಕೆ ಕಾರಣ ಬಹುಶಃ ಫ್ಲ್ಯಾಶ್ ಅನ್ನುವ ಸಾಫ್ಟ್‌ವೇರ್. ಆ ಕಾಲದ ಆನಿಮೇಷನ್‌ಗಳೆಲ್ಲ ಹೆಚ್ಚಾಗಿ ಅದರಲ್ಲೇ ಇದ್ದವು. ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಅದನ್ನು ನಿಲ್ಲಿಸಿದರು. ಫೆಟ್‌ನವರು ತಮ್ಮ ಹಳೆಯ ಸಿಮ್‌ಗಳನ್ನು ಒಂದೊಂದಾಗಿ ಹೊಸದಾಗಿ ಬರೆದರು, ಅದಕ್ಕೇ ಉಳಿದುಕೊಂಡರು.

ಚಾಕ್‌ಪೀಸ್
ತಿಂದುಬಿಡುತ್ತದೆ ಅಂತ ಮಕ್ಕಳು ತಿಳಿದಿರುವುದು ನಿಜ. ಕೆಲವು ಮೇಷ್ಟ್ರುಗಳೂ ಹಾಗೇ ಹೇಳಿಕೊಡುತ್ತಾರೆ. ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳುತ್ತೇನೆ.

ಮೂರುಮೂಲೆ
ಗಣಿತಕ್ಕೆ ಜಿಯೋಜೀಬ್ರಾ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆಕೃತಿ, ಗ್ರಾಫ್ ಬಿಡಿಸಿ ಎಳೆದಾಡಿ ನೋಡುವ ಸಾಫ್ಟ್‌ವೇರ್. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ತಮ್ಮ ಓದಿನ ಭಾಗವಾಗಿ 2001ರಲ್ಲಿ ಶುರು ಮಾಡಿದ್ದು. ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಡ. ಕಲಿಯಲು ಎರಡು ಮೂರು ಸಂಜೆ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಒಂದು ಪಿರಿಯಡ್ ಕಥೆ ಹೇಳಲೇಬೇಕು. ತ್ರಿಭುಜದ ಕೋನಗಳ ಮೊತ್ತ 180. ಶೃಂಗವನ್ನು ಹಿಡಿದು ಎಳೆದಾಡಿ ತೋರಿಸುತ್ತಿದ್ದೆ. ಕೋನಗಳು ಪೂರ್ಣಾಂಕದಲ್ಲಿ ಕಾಣುವ ಹಾಗೆ ಇಟ್ಟಿದ್ದೆ, ಮಕ್ಕಳಿಗೆ ಕೂಡಲು ಸುಲಭ ಅಂತ. ಹಿಂದಿನಿಂದ ಒಬ್ಬಳು ಎದ್ದು 'ಮಿಸ್, 60, 60, 61. ಒಂದು ಜಾಸ್ತಿ ಬಂತು' ಅಂದಳು. ನೋಡಿದರೆ ಹೌದು! ನನಗೇ ಒಂದು ಕ್ಷಣ ಎದೆ ಧಸಕ್ ಅಂತು. ಆಮೇಲೆ ದಶಮಾಂಶ ಸ್ಥಾನ ಹೆಚ್ಚಿಸಿದೆ. 59.6, 59.6, 60.8. ಕೂಡಿದರೆ ಸರಿಯಾಗಿ 180. ಮೂರೂ ಮೇಲಕ್ಕೆ ದುಂಡಾಗಿದ್ದವು. ತ್ರಿಭುಜದ ಪಾಠ ಅಲ್ಲಿಗೇ ನಿಂತು ಅಂದಾಜು ಮಾಡುವುದರ ಪಾಠವಾಯಿತು. ಈಗ ಪ್ರತಿ ವರ್ಷ ಬೇಕಂತಲೇ ಹಾಗೆ ಇಡುತ್ತೇನೆ.

ಕೊನೆಬೆಂಚು
ಆಹಾ, ಇದೇ ನನಗೆ ಬೇಕಿದ್ದು. ಕದ್ದುಕೊಳ್ಳುತ್ತೇನೆ.

ನಲಿಅಕ್ಕ
ಚಿಕ್ಕ ಮಕ್ಕಳ ಟೀಚರ್‌ಗಳನ್ನು ಮರೆತೇಬಿಟ್ಟಿರಿ! ನಾನು 1ರಿಂದ 3ರ ನಲಿ-ಕಲಿ. ಮೂರು ತರಗತಿಯವರು ಒಂದೇ ಕೋಣೆಯಲ್ಲಿ, ನೆಲದ ಮೇಲೆ. ಟಿವಿ ಇಲ್ಲ.

ನಾನು ಮತ್ತೆ ಮತ್ತೆ ಹೋಗುವುದು ಸ್ಟೋರಿವೀವರ್‌ಗೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ತಾಣ. ಕನ್ನಡದ ಕಥೆಗಳು ರಾಶಿ ಇವೆ. ಓದುವ ಮಟ್ಟ 1ರಿಂದ 4ರವರೆಗೆ ಬೇರೆ ಬೇರೆ ಮಾಡಿದ್ದಾರೆ. ಮಟ್ಟ 1 ಅಂದ್ರೆ ಒಂದು ಪುಟಕ್ಕೆ ಒಂದೆರಡು ಸಾಲು, ಉಳಿದದ್ದು ಚಿತ್ರ. ಪಿಡಿಎಫ್ ಇಳಿಸಿ ಪ್ರಿಂಟ್ ಹಾಕಿದರೂ ಯಾರೂ ಕೇಳುವುದಿಲ್ಲ. ಕಥೆಗಾರರ, ಚಿತ್ರಕಾರರ ಹೆಸರು ಇರಬೇಕು, ಅಷ್ಟೇ.

ಅದರಲ್ಲಿ ಇನ್ನೊಂದು ಮಜಾ: ಕಥೆಯ ಮಾತನ್ನು ನಾವೇ ಬದಲಾಯಿಸಿ ನಮ್ಮದೊಂದು ಪ್ರತಿ ಮಾಡಿಕೊಳ್ಳಬಹುದು. ಕಥೆಯಲ್ಲಿ 'ಚಪಾತಿ' ಅಂತ ಇತ್ತು. ನಮ್ಮ ಮಕ್ಕಳ ಮನೆಯಲ್ಲಿ ರೊಟ್ಟಿ. ಬದಲಾಯಿಸಿ ಪ್ರಿಂಟ್ ತೆಗೆದೆ. ಓದಲು ಮುಖ ತಿರುಗಿಸುತ್ತಿದ್ದ ಹುಡುಗ 'ಇದು ನಮ್ಮನೆ ಕತೆ' ಅಂತ ಮೂರು ಸಲ ಓದಿದ. ಅವನಿಗೆ ಆ ಪುಟ ಬಾಯಿಪಾಠ ಆಗಿತ್ತೋ ಏನೋ. ಆದರೂ ಬೆರಳು ಸರಿಯಾದ ಪದದ ಕೆಳಗೇ ಇತ್ತು.

ನದಿಪಕ್ಕ
ಸಮಾಜ ವಿಜ್ಞಾನದವ್ರು ಯಾರೂ ಇಲ್ಲೇನ್ರಿ? ಬಾಗಲಕೋಟೆ ಕಡೆಯವ ನಾನು. ಗೂಗಲ್ ಅರ್ಥ್‌ನಲ್ಲಿ ಟೈಮ್‌ಲ್ಯಾಪ್ಸ್ ಅಂತ ಇದೆ. 1984ರಿಂದ ಈಚೆಗೆ ಉಪಗ್ರಹ ತೆಗೆದ ಚಿತ್ರಗಳನ್ನು ವರ್ಷ ವರ್ಷ ಓಡಿಸಿ ತೋರಿಸುತ್ತದೆ. ನಾನು ಆಲಮಟ್ಟಿ ತೆಗೆದಿಟ್ಟೆ. ಮೊದಲು ಕೃಷ್ಣೆ, ಘಟಪ್ರಭೆ ಎರಡೂ ತೆಳ್ಳನೆಯ ಗೆರೆ. ವರ್ಷಗಳು ಓಡುತ್ತವೆ. ಇದ್ದಕ್ಕಿದ್ದಂತೆ ಗೆರೆ ಉಬ್ಬುತ್ತದೆ, ಹೊಲಗಳು ನೀಲಿಯಾಗುತ್ತವೆ, ಈ ಕಡೆ ನವನಗರ ಬೆಳೆಯುತ್ತದೆ.

ತರಗತಿ ಸುಮ್ಮನಾಯಿತು. ಒಬ್ಬ ಹುಡುಗ ಎದ್ದು ಬಂದು ಟಿವಿ ಮೇಲೆ ಬೆರಳಿಟ್ಟ. 'ಸರ್, ಅಜ್ಜನ ಮನಿ ಇಲ್ಲೇ ಇತ್ತಂತ. ಈಗ ನೀರಾಗ ಐತಿ.' ಪಠ್ಯದಲ್ಲಿ 'ಮುಳುಗಡೆ' ಅಂತ ಒಂದು ಪದ ಬರುತ್ತದೆ, ಅಷ್ಟೇ. ಮರುದಿನ ಮಕ್ಕಳು ಮನೆಯಲ್ಲಿ ಕೇಳಿಕೊಂಡು ಬಂದು ಹಳೆ ಊರಿನ ಓಣಿಗಳ ಹೆಸರು ಬರೆದರು. ಎರಡು ಪಿರಿಯಡ್ ಹೋಯಿತು, ಸಿಲಬಸ್ ಹಿಂದೆ ಬಿತ್ತು. ಬೀಳಲಿ.

ಇದಕ್ಕೆ ಮಾತ್ರ ನೆಟ್ ಬೇಕು. ಮನೆಯಲ್ಲೇ ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡು ಹೋಗಿದ್ದೆ. ತಾಣ ತೆರೆಯುತ್ತಾ ಗುಂಡಗೆ ತಿರುಗುವುದನ್ನು 40 ಮಕ್ಕಳ ಮುಂದೆ ನೋಡುತ್ತ ನಿಲ್ಲುವ ಕರ್ಮ ಬೇಡ.

ಕನ್ನಡಮಿಸ್
ಭಾಷಾ ಶಿಕ್ಷಕರ ಗೋಳು ಬೇರೆ. ಟೂಲ್ ಎಲ್ಲ ಆಮೇಲೆ, ಮೊದಲು ಅಕ್ಷರ ಬರಬೇಕಲ್ಲ! ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು ಹಳೆ 'ನುಡಿ' ಸಾಫ್ಟ್‌ವೇರ್‌ನಲ್ಲಿ, ಯೂನಿಕೋಡ್ (ಎಲ್ಲ ಕಡೆಯೂ ಓದಲು ಬರುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಇವೆ. ಗೂಗಲ್ ಫಾರ್ಮ್‌ಗೆ ಅಂಟಿಸಿದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳಿಗೆ ಕೋಡು ಬಾಲ ಬಂದಂತೆ ಕಾಣುತ್ತದೆ. ಎಲ್ಲವನ್ನೂ ಮತ್ತೆ ಟೈಪ್ ಮಾಡುತ್ತಾ ಕೂತಿದ್ದೆ. ಆಸ್ಕಿಯಿಂದ (ಆ ಹಳೆ ಫಾಂಟ್‌ಗಳ ಸಂಕೇತ) ಯೂನಿಕೋಡ್‌ಗೆ ಪರಿವರ್ತಿಸುವ ಉಚಿತ ಕನ್ವರ್ಟರ್‌ಗಳು ಇವೆ ಅಂತ ಗೊತ್ತಾದ ದಿನ ನಿಜಕ್ಕೂ ಸಿಹಿ ಹಂಚಿದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ. ಆ ಹಳೆ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. 'ಸೂರ್ಯ', 'ವರ್ಷ' ಇಂಥವು ಎಡವುವ ಜಾಗ.

ಟೈಪಿಂಗ್ ಬಾರದವರಿಗೆ: ಗೂಗಲ್ ಡಾಕ್ಸ್‌ನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ಫೋನಿನ ಕೀಬೋರ್ಡ್‌ನಲ್ಲೂ ಇದೆ. ಪೂರ್ಣವಿರಾಮ ನಾವೇ ಹಾಕಬೇಕಾಗುತ್ತದೆ, ಪರವಾಗಿಲ್ಲ.

ಪದದ ಅರ್ಥಕ್ಕೆ ಅಲರ್ ನಿಘಂಟು. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಕೋಶ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. 2019ರಿಂದ ಎಲ್ಲರಿಗೂ ಮುಕ್ತ. ದಿನಾ ತೆರೆಯುತ್ತೇನೆ.

ಭಾನುವಾರದಶಾಲೆ
ಅಲರ್‌ಗೆ ನನ್ನದೂ ಒಂದು ಓಟು. ನಾನು ಶಿಕ್ಷಕಿಯಲ್ಲ. ಜರ್ಮನಿಯಲ್ಲಿ ಭಾನುವಾರ ಒಂದಷ್ಟು ಮನೆಗಳ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಇಲ್ಲಿ ನೆಟ್‌ಗೆ ಬರವಿಲ್ಲ, ಕನ್ನಡಕ್ಕೆ ಬರ. ಕನ್ನಡ ಕಿವಿಗೆ ಬೀಳುತ್ತದೆ, ಅಕ್ಷರ ಕಣ್ಣಿಗೆ ಬೀಳುವುದಿಲ್ಲ. ನಮಗೆ ಸಹಾಯವಾದದ್ದು ಬರೀ ಫಾಂಟ್! ಗೂಗಲ್ ಫಾಂಟ್ಸ್‌ನಲ್ಲಿ ಬಲೂ ತಮ್ಮ ಅಂತ ಒಂದು ದಪ್ಪ, ದುಂಡಗಿನ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ದೊಡ್ಡದಾಗಿ ಅಕ್ಷರ ಪ್ರಿಂಟ್ ಹಾಕಿ ಫ್ರಿಜ್ಜಿಗೆ ಅಂಟಿಸಿದೆವು. ಬರವಣಿಗೆ ಅಭ್ಯಾಸಕ್ಕೆ ಮಾತ್ರ ಅದು ಬೇಡ, ತಲೆಕಟ್ಟು ಸರಿಯಾಗಿ ಕಾಣುವ ತೆಳು ಫಾಂಟ್ ಇರಲಿ.

ಎಬಿಸಿಡಿ
ಕೊನೆಬೆಂಚು ಅವರೇ, 41 ಮಕ್ಕಳು, ಒಂದು ಫೋನು ಅಂದ್ರೆ ನಿಮಗೆ ಪ್ಲಿಕರ್ಸ್. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ಕ್ಯೂಆರ್ ಕೋಡ್ ತರಹದ ಒಂದು ಕಪ್ಪು ಆಕಾರ, ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಂತ ಸಣ್ಣಗೆ. ಉತ್ತರ ಬಿ ಅನ್ನಿಸಿದರೆ ಬಿ ಮೇಲೆ ಬರುವಂತೆ ಎತ್ತಿ ಹಿಡಿಯುವುದು. ನೀವು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಸಾಕು, ಯಾರು ಏನು ಉತ್ತರ ಕೊಟ್ಟರು ಅಂತ ಬರುತ್ತದೆ. ಪ್ರತಿ ಕಾರ್ಡಿನ ಆಕಾರವೂ ಬೇರೆ, ಪಕ್ಕದವನ ಕಾರ್ಡ್ ನೋಡಿ ತಿರುಗಿಸಿದರೆ ತಪ್ಪೇ ಆಗುತ್ತದೆ. 40ರ ಕಟ್ಟೂ ಇದೆ, 63ರದ್ದೂ ಇದೆ. ನೀವು ಎರಡನೆಯದು ತೆಗೆದುಕೊಳ್ಳಿ, ಮೊದಲನೆಯದರಲ್ಲಿ ಒಬ್ಬನಿಗೆ ಕಡಿಮೆ ಬೀಳುತ್ತದೆ.

0.45 ದೊಡ್ಡದೋ 0.5 ದೊಡ್ಡದೋ ಅಂತ ಕೇಳಿದ್ದೆ. 38ರಲ್ಲಿ 22 ಮಕ್ಕಳು 0.45 ಅಂದರು. 45 ದೊಡ್ಡದಲ್ವಾ, 5ಕ್ಕಿಂತ! ಬಾಯಲ್ಲಿ ಕೇಳಿದರೆ ಮೊದಲ ಬೆಂಚಿನ ಮೂವರು ಸರಿ ಹೇಳುತ್ತಾರೆ, ಉಳಿದವರು 'ಹೌದು ಸರ್' ಅನ್ನುತ್ತಾರೆ, ನಾವು ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ. ಅವತ್ತು ಹೋಗಲಿಲ್ಲ. 45 ಪೈಸೆ, 50 ಪೈಸೆ ಅಂತ ಹಿಂದಕ್ಕೆ ಬಂದೆ. ಎಷ್ಟು ವರ್ಷದಿಂದ ಎಷ್ಟು ಮಕ್ಕಳನ್ನು ದಾಟಿಕೊಂಡು ಹೋಗಿದ್ದೇನೋ ಅಂತ ಆವತ್ತು ಸಂಜೆ ಬಸ್ಸಿನಲ್ಲಿ ಸಂಕಟವಾಯಿತು.

ಫೋನಿಗೆ ನೆಟ್ ಬೇಕು. ಮಕ್ಕಳು ಕಾರ್ಡಿನ ಮೂಲೆಯ ಮೇಲೆ ಬೆರಳು ಇಟ್ಟರೆ ಓದುವುದಿಲ್ಲ, ಅಂಚು ಹಿಡಿಯುವುದನ್ನು ಮೊದಲು ಅಭ್ಯಾಸ ಮಾಡಿಸಿ.

ಪಯಸ್ವಿನಿ
ಕಾಸರಗೋಡಿನಿಂದ. ನಮ್ಮದು ಕೇರಳದ ಕನ್ನಡ ಮಾಧ್ಯಮ ಶಾಲೆ. ಇಲ್ಲಿ ಕೇರಳ ಸರ್ಕಾರದ ಕೈಟ್ ಸಂಸ್ಥೆಯವರ, ವಿಂಡೋಸ್ ಬದಲು ಲಿನಕ್ಸ್ ಇರುವ ಲ್ಯಾಪ್‌ಟಾಪ್‌ಗಳು. ಅದರಲ್ಲಿ ಜಿಯೋಜೀಬ್ರಾ ಮುಂಚೆಯೇ ಹಾಕಿರುತ್ತಾರೆ, ಐಟಿ ಅನ್ನುವುದೇ ಒಂದು ವಿಷಯ. ಮಕ್ಕಳೇ ತೆರೆದು ಮಾಡುತ್ತಾರೆ. 'ಟೂಲ್ ಹುಡುಕುವ' ಕಷ್ಟ ನಮಗೆ ಕಡಿಮೆ. ನಮ್ಮ ಕಷ್ಟ ಬೇರೆ, ಹೊಸ ಸಾಮಗ್ರಿ ಮಲಯಾಳದಲ್ಲಿ ಮೊದಲು ಬರುತ್ತದೆ. ಕನ್ನಡಕ್ಕೆ ಕರ್ನಾಟಕದವರು ಮಾಡಿದ್ದನ್ನು ನಾವೂ ಬಳಸುತ್ತೇವೆ. ಕೋಯರ್ ಅಂತ ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಇದೆಯಲ್ಲ, ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ಮತ್ತು ಐಟಿ ಫಾರ್ ಚೇಂಜ್ ಅನ್ನುವ ಸಂಸ್ಥೆ ಸೇರಿ ಮಾಡಿದ್ದು. ಶಿಕ್ಷಕರೇ ಬರೆದ ಪುಟಗಳು. ಇಲ್ಲಿ ಯಾರೂ ಅದರ ಹೆಸರೇ ಎತ್ತಲಿಲ್ಲ, ನಿಮ್ಮ ಮನೆಯದ್ದೇ ಮಾರಾಯ್ರೆ.

ಮೂರುಮೂಲೆ
ಹಿತ್ತಲ ಗಿಡ ಮದ್ದಲ್ಲ ಅಂತ ಆಗಿದೆ ನಮ್ಮ ಕಥೆ. ಒಪ್ಪಿದೆ.

ತಾಮ್ರದತಂತಿ
ನೆಟ್ ಬೇಡದ ಇನ್ನೊಂದು ನೆನಪಾಯಿತು. ಫೈಫಾಕ್ಸ್ ಅಂತ ಆ್ಯಪ್. ಜರ್ಮನಿಯ ಆಖೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ್ದು. ಫೋನಿನೊಳಗಿನ ಸೆನ್ಸರ್‌ಗಳನ್ನೇ ಪ್ರಯೋಗಕ್ಕೆ ಬಳಸುತ್ತದೆ. ಅದರಲ್ಲಿ ಶಬ್ದದಿಂದ ಓಡುವ, ಶಬ್ದದಿಂದ ನಿಲ್ಲುವ ಸ್ಟಾಪ್‌ವಾಚ್ ಇದೆ.

ಮೈದಾನದಲ್ಲಿ 10 ಮೀಟರ್ ಅಂತರದಲ್ಲಿ ಎರಡು ಫೋನ್ ಇಡಿ. ಮೊದಲ ಫೋನಿನ ಪಕ್ಕ ಒಬ್ಬ ಚಪ್ಪಾಳೆ ಹೊಡೆಯಲಿ, ಎರಡೂ ಓಡಲು ಶುರುವಾಗುತ್ತವೆ. ಆಮೇಲೆ ಎರಡನೇ ಫೋನಿನ ಪಕ್ಕ ಇನ್ನೊಬ್ಬ ಹೊಡೆಯಲಿ, ಎರಡೂ ನಿಲ್ಲುತ್ತವೆ. ಎರಡರ ಸಮಯದಲ್ಲಿ ಸಣ್ಣ ವ್ಯತ್ಯಾಸ ಇರುತ್ತದೆ. ಶಬ್ದ ಹೋಗುವಾಗ 10, ಬರುವಾಗ 10, ಒಟ್ಟು 20 ಮೀಟರ್ ಹೋಗಲು ಹಿಡಿದ ಸಮಯ ಅದು. ನಮಗೆ 0.058 ಸೆಕೆಂಡ್ ಬಂತು. 20 ಭಾಗಿಸು 0.058. ಸೆಕೆಂಡಿಗೆ ಸುಮಾರು 345 ಮೀಟರ್! ಪುಸ್ತಕದಲ್ಲಿ ಇದ್ದ ಸಂಖ್ಯೆ ಮೈದಾನದಲ್ಲಿ ಸಿಕ್ಕಿತು. ಮೊದಲ ನಾಲ್ಕು ಸಲ ಕಾಗೆ ಕೂಗಿ ಕೆಡಿಸಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಹೊಸಮೇಷ್ಟ್ರು
ಇದನ್ನೆಲ್ಲ ಯಾಕೆ, ಎಐ ಕೇಳಿದರೆ ವರ್ಕ್‌ಶೀಟ್, ಪಾಠಯೋಜನೆ ಎಲ್ಲ ಒಂದು ನಿಮಿಷದಲ್ಲಿ ಬರುತ್ತದಲ್ಲ?

ಕನ್ನಡಮಿಸ್
ಬರುತ್ತದೆ. ಲೋಪಸಂಧಿಗೆ ಐದು ಉದಾಹರಣೆ ಕೇಳಿದೆ. ಎರಡನೆಯದೇ 'ದೇವಾಲಯ'! ಅದು ಸವರ್ಣದೀರ್ಘ ಅಂತ ಏಳನೇ ತರಗತಿ ಮಗು ಹೇಳುತ್ತದೆ. ಬರೆದ ರೀತಿ ಎಷ್ಟು ಠೀವಿಯಲ್ಲಿತ್ತು ಅಂದ್ರೆ ನನಗೇ ಒಮ್ಮೆ ಅನುಮಾನ ಬಂತು. ಈಗ ಆ ಪುಟವನ್ನೇ ಮಕ್ಕಳಿಗೆ ಕೊಟ್ಟು 'ತಪ್ಪು ಹುಡುಕಿ' ಅನ್ನುತ್ತೇನೆ. 'ಊರಲ್ಲಿ', 'ಮಾತಿಲ್ಲ' ಉಳಿಸಿಕೊಂಡು 'ದೇವಾಲಯ' ಹೊಡೆದುಹಾಕುವಾಗ ಮಕ್ಕಳ ಮುಖ ನೋಡಬೇಕು. ಆ ಲೆಕ್ಕದಲ್ಲಿ ಅದನ್ನೂ ಎರಡನೇ ಸಲ ಬಳಸಿದ್ದೇನೆ ಅನ್ನಿ.

ಎಬಿಸಿಡಿ
ಇನ್ನೊಂದು ಮಾತು. ಮಕ್ಕಳ ಪೂರ್ತಿ ಹೆಸರು, ಫೋಟೊ, ತಂದೆಯ ಫೋನ್ ನಂಬರ್ ಯಾವ ತಾಣಕ್ಕೂ ಹಾಕಬೇಡಿ. ಹಾಜರಿ ಸಂಖ್ಯೆ ಸಾಕು. 2023ರ ಡೇಟಾ ರಕ್ಷಣೆ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಉಚಿತ ಅಂದ ಮೇಲೆ ಬೆಲೆ ಎಲ್ಲೋ ಒಂದು ಕಡೆ ಇರುತ್ತದೆ.

ಚಾಕ್‌ಪೀಸ್
ಮತ್ತೆ, ಉಚಿತ ಅನ್ನುವುದು ಇವತ್ತಿನ ಮಾತು. ಜಾಮ್‌ಬೋರ್ಡ್ ಅಂತ ಗೂಗಲ್‌ದು ಒಂದು ಆನ್‌ಲೈನ್ ಬರೆಯುವ ಬೋರ್ಡು ಇತ್ತು, ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. 2024ರ ಕೊನೆಗೆ ಮುಚ್ಚಿದರು. ನನ್ನ ಸ್ನೇಹಿತರೊಬ್ಬರು ಒಂದು ಕ್ವಿಜ್ ತಾಣದಲ್ಲಿ ಎರಡು ವರ್ಷ ಕೂತು ಪ್ರಶ್ನೆಗಳನ್ನು ಸೇರಿಸಿದ್ದರು. ಒಂದು ದಿನ ಅರ್ಧಕ್ಕೆ ಬೀಗ ಬಿತ್ತು, ದುಡ್ಡು ಕಟ್ಟಿ ಅಂತ. ಪ್ರಶ್ನೆಗಳನ್ನು ನಿಮ್ಮದೇ ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಅಲ್ಲಿಗೆ ಹಾಕಿ. ನಾನಾದರೆ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ.

ಕೊನೆಬೆಂಚು
ಮೂರು ವಾರ ಆಯಿತು. ವರದಿ ಒಪ್ಪಿಸುತ್ತಿದ್ದೇನೆ.

ಫೆಟ್ ಎರಡು ಸಲ ಆಯಿತು. ಬೆಂಕಿ ಬಂತು, ಎದ್ದು ನಿಂತರು. ಜಿಯೋಜೀಬ್ರಾದಲ್ಲಿ 60, 60, 61 ಮಾಡಲು ನನಗೇ ಹತ್ತು ನಿಮಿಷ ಹಿಡಿಯಿತು, ಅಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಸಲ ಮನೆಯಲ್ಲೇ ಮಾಡಿ ಉಳಿಸಿಕೊಂಡು ಹೋಗುತ್ತೇನೆ.

ಪ್ಲಿಕರ್ಸ್ ಮೊದಲ ದಿನ ಕೈಕೊಟ್ಟಿತು. ತಪ್ಪು ನನ್ನದೇ. ಕಾರ್ಡುಗಳು ಬಾಳಿಕೆ ಬರಲಿ ಅಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸಿದೆ, ಕೈಯಿಂದ ದುಡ್ಡು ಹಾಕಿ. ಕಿಟಕಿ ಬೆಳಕು ಬಿದ್ದು ಫಳಫಳ. 41ರಲ್ಲಿ 17 ಮಾತ್ರ ಓದಿತು. ಕಿಟಕಿ ಮುಚ್ಚಿದರೆ ಹಾಟ್‌ಸ್ಪಾಟ್ ಹೋಗುತ್ತದೆ!

ಲ್ಯಾಮಿನೇಷನ್ ಇಲ್ಲದೆ ಕಾಗದ ಎರಡು ದಿನಕ್ಕೆ ಮುದುಡುತ್ತದೆ. ಏನು ಮಾಡೋದು?

ಎಬಿಸಿಡಿ
ಅಯ್ಯೋ, ಅದನ್ನು ಹೇಳಲು ಮರೆತೆ, ಕ್ಷಮಿಸಿ. ಹೊಳಪಿಲ್ಲದ ಮ್ಯಾಟ್ ಹಾಳೆ ಕೇಳಬೇಕಿತ್ತು.

ನಲಿಅಕ್ಕ
ಲ್ಯಾಮಿನೇಷನ್ನೇ ಬೇಡ. ಹಳೇ ಮದುವೆ ಕಾರ್ಡುಗಳ ಹಿಂದೆ ಮೈದಾ ಅಂಟು ಹಚ್ಚಿ ಅಂಟಿಸಿ, ಮೇಲೊಂದು ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ನಮ್ಮ ನಲಿ-ಕಲಿ ಕಾರ್ಡುಗಳು ಹಾಗೇ ಮಾಡಿದ್ದು, ನಾಲ್ಕು ವರ್ಷ ಆಯಿತು. ಅಂಟಿಗೆ ಚೂರು ಮೈಲುತುತ್ತ ಸೇರಿಸಿದರೆ ಜಿರಲೆ ಮುಟ್ಟುವುದಿಲ್ಲ ಅನ್ನುತ್ತಾರೆ. ಅದು ವಿಷ, ಮಕ್ಕಳ ಕೈಗೆ ಅಂಟಿನ ಬಟ್ಟಲು ಕೊಡಬೇಡಿ, ನೀವೇ ಅಂಟಿಸಿ. ನಾನಂತೂ ಬರೀ ಮೈದಾದಲ್ಲೇ ಮಾಡುತ್ತೇನೆ, ಎರಡು ಲವಂಗ ಡಬ್ಬಿಯಲ್ಲಿ ಹಾಕಿಡುತ್ತೇನೆ.

ಕೊನೆಬೆಂಚು
ಮದುವೆ ಕಾರ್ಡ್ 41 ಬೇಕು. ನಾಳೆ ಪ್ರಾರ್ಥನೆ ಆದ ಮೇಲೆ ಮಕ್ಕಳಿಗೇ ಹೇಳುತ್ತೇನೆ, ತರಲಿ.